ಹಕ್ಕಿ ತೋರಿಸುವವರ ಕಣ್ಣು, ಕಿವಿ ಮತ್ತು ಬದುಕು

ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಕಿದೂರಿನಲ್ಲಿ 150ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಕ್ಯಾಮೆರಾ ಹೊತ್ತು ದೂರದಿಂದ ಬರುವವರು ಆಸೆಪಡುವ ಹಕ್ಕಿಗಳಲ್ಲಿ ಕಪ್ಪೆಬಾಯಿ ಒಂದು. ಪಶ್ಚಿಮ ಘಟ್ಟದ ಸೀಮೆ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ನಿಶಾಚರಿ ಹಗಲಿಡೀ ಬಳ್ಳಿಗಳ ಗೊಂದಲದೊಳಗೆ, ಒಣ ಎಲೆಗಳ ನಡುವೆ ಕಣ್ಣು ಮುಚ್ಚಿ ಕೂರುತ್ತದೆ. ಗಂಡಿನ ಬಣ್ಣ ಬೂದು, ಹೆಣ್ಣಿನದು ಕೆಂಗಂದು. ಅಪಾಯದ ಸುಳಿವು ಸಿಕ್ಕರೆ ಕೊಕ್ಕನ್ನು ಮೆಲ್ಲನೆ ಮೇಲೆತ್ತಿ ಮುರಿದ ಕೊಂಬೆಯೇ ಆಗಿಬಿಡುತ್ತದೆ. ಇಡುವುದು ಒಂದೇ ಮೊಟ್ಟೆ. ಹಗಲು ಕಾವು ಕೊಡುವುದು ಗಂಡು, ರಾತ್ರಿ ಹೆಣ್ಣು. ಮೂರು ಮಾರು ದೂರದಲ್ಲಿದ್ದರೂ ಪ್ರವಾಸಿಗೆ ಕಾಣದ ಈ ಜೋಡಿಯನ್ನು ಊರಿನ ಗೈಡ್ ಬೆರಳು ಮಾಡಿ ತೋರಿಸುತ್ತಾರೆ.

ಇದನ್ನು ಅದೃಷ್ಟವೆಂದೋ, ಹುಟ್ಟಿನಿಂದ ಬಂದ ಚುರುಕುಗಣ್ಣೆಂದೋ ಹೊಗಳಿ ಮುಗಿಸುವುದು ಅನ್ಯಾಯ. ಇದು ಕಲಿತು ಗಳಿಸಿದ ಪರಿಣತಿ, ಅದೂ ಮನೋವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆದು ನೋಡಿದ ಪರಿಣತಿ. ಚಿತ್ರ ತೋರಿಸಿದರೆ ನಮ್ಮಂಥವರ ಮನಸ್ಸಿಗೆ ಮೊದಲು ಹೊಳೆಯುವುದು ‘ಹಕ್ಕಿ’ ಎಂದಷ್ಟೇ. ಯಾವ ಹಕ್ಕಿ ಎಂದು ಹೇಳಲು ಇನ್ನಷ್ಟು ಹೊತ್ತು ಬೇಕು. ಪಕ್ಷಿ ಪರಿಣತರು ‘ಹಕ್ಕಿ’ ಎಂದು ಗುರುತಿಸುವಷ್ಟೇ ವೇಗದಲ್ಲಿ ಜಾತಿಯನ್ನೂ ಗುರುತಿಸುತ್ತಾರೆ ಎಂಬುದನ್ನು ಜೇಮ್ಸ್ ತನಾಕಾ ಮತ್ತು ಮಾರ್ಜೋರಿ ಟೇಲರ್ 1991ರಲ್ಲಿ ತೋರಿಸಿದರು. 2000ನೇ ಇಸವಿಯಲ್ಲಿ ಇಸಾಬೆಲ್ ಗೊತಿಯೇ ಮತ್ತು ಸಂಗಡಿಗರು ಇಂಥವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಮನುಷ್ಯರ ಮುಖ ಗುರುತಿಸುವಾಗ ಚುರುಕಾಗುವ ಭಾಗವೇ ಹಕ್ಕಿಗಳನ್ನು ಕಂಡಾಗಲೂ ಅವರಲ್ಲಿ ಹೆಚ್ಚು ಚುರುಕಾಗಿತ್ತು. ಜಾತ್ರೆಯ ಜಂಗುಳಿಯಲ್ಲಿ ಮನೆಯವರ ಮುಖ ನಮ್ಮ ಕಣ್ಣಿಗೆ ಬೀಳುವಂತೆ ಅವರ ಕಣ್ಣಿಗೆ ಎಲೆಗಳ ನಡುವಿನ ಹಕ್ಕಿ ಬೀಳುತ್ತದೆ.

ಆದರೆ ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಯದೇ ಮೇಲುಗೈ ಎನ್ನುತ್ತೇನೆ. ಚಳಿಗಾಲದಲ್ಲಿ ಬರುವ ಉಲಿಯಕ್ಕಿಗಳನ್ನು ನೋಡಿ. ಹಸಿರು ಛಾಯೆಯ, ಗುಬ್ಬಿಗಿಂತಲೂ ಚಿಕ್ಕದಾದ ಈ ಹಕ್ಕಿಗಳಲ್ಲಿ ಎರಡು ಜಾತಿಗಳ ನಡುವೆ ರೂಪದಲ್ಲಿ ವ್ಯತ್ಯಾಸ ಹೇಳುವುದು ಬಲು ಕಷ್ಟ. ಒಂದರ ಕರೆಯಲ್ಲಿ ಎರಡು ತುಣುಕು, ಇನ್ನೊಂದರದರಲ್ಲಿ ಮೂರು. ಅಷ್ಟರಲ್ಲೇ ತೀರ್ಮಾನ. ಇದರ ಮೇಲೆ ಭೀಮರಾಜ ಹಕ್ಕಿಯ ಹಾವಳಿ ಬೇರೆ: ಅದು ಹತ್ತಾರು ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ. ಪಕ್ಷಿಪ್ರವಾಸಗಳನ್ನು ಮುನ್ನಡೆಸುತ್ತಿದ್ದ ಅಮೆರಿಕದ ಟೆಡ್ ಪಾರ್ಕರ್ ಸುಮಾರು 4,000 ಜಾತಿಗಳನ್ನು ದನಿಯಿಂದಲೇ ಗುರುತಿಸಬಲ್ಲವರಾಗಿದ್ದರೆಂದು ಪ್ರಸಿದ್ಧಿ. 1993ರಲ್ಲಿ ಈಕ್ವೆಡಾರ್‌ನ ಕಾಡುಗಳ ಸಮೀಕ್ಷೆಗೆಂದು ಹೊರಟ ವಿಮಾನ ಅಪ್ಪಳಿಸಿ ಅವರು ತೀರಿಕೊಂಡಾಗ, ಬೇರಾರೂ ಬರೆದಿಡದ ಎಷ್ಟೋ ತಿಳಿವಳಿಕೆ ಅವರೊಂದಿಗೇ ಹೋಯಿತು.

ಕಿವಿಗೂ ಆಯುಷ್ಯವಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಕೈಬಿಡುವುದು ತಾರಸ್ವರಗಳು. ಬದನಿಕೆ ಹಕ್ಕಿಯಂಥ ಪುಟಾಣಿಗಳ ಚುರುಕು ದನಿ ಹಿರಿಯ ಗೈಡಿನ ಪಾಲಿಗೆ ಒಂದೊಂದಾಗಿ ಅಳಿಸಿಹೋಗುತ್ತದೆ. ದುಡಿಮೆಯ ಕಾಲವೂ ಚಿಕ್ಕದು. ವಲಸೆ ಹಕ್ಕಿಗಳು ಇರುವ ನವೆಂಬರಿನಿಂದ ಮಾರ್ಚ್‌ವರೆಗೆ ಬಿಡುವಿಲ್ಲ, ಮಳೆ ಹಿಡಿದರೆ ಕೇಳುವವರಿಲ್ಲ. ಉಳಿದ ತಿಂಗಳುಗಳಿಗೆ ತೋಟವೋ ಬೇರೆ ಕೂಲಿಯೋ ಆಗಬೇಕು.

ದುಡ್ಡು ಕೊಟ್ಟು ಬಂದವರಿಗೆ ಹಕ್ಕಿ ಕಾಣಲೇಬೇಕೆಂಬ ಒತ್ತಡವೂ ಇದೆ. ಮೊಬೈಲಿನಲ್ಲಿ ಧ್ವನಿಮುದ್ರಿತ ಕೂಗು ಹಾಕಿದರೆ, ಎದುರಾಳಿ ನುಗ್ಗಿದನೆಂದು ಗಂಡು ಹಕ್ಕಿ ಗೂಡಿನ ಕೆಲಸ ಬಿಟ್ಟು ಓಡಿ ಬರುತ್ತದೆ. ಮತ್ತೆ ಮತ್ತೆ ಹಾಕಿದರೆ ಅದರ ಹೊತ್ತೂ ಶಕ್ತಿಯೂ ಸುಮ್ಮನೆ ಪೋಲು. ‘ಇವತ್ತಿಗೆ ಸಾಕು, ನಡೆಯಿರಿ’ ಎಂದು ಗಿರಾಕಿಗೆ ಹೇಳುವ ಗೈಡ್‌ಗಳ ಮೇಲೆ ನನಗೆ ದೊಡ್ಡ ಗೌರವ. ಆ ಮಾತಿಗೆ ಅವರು ತೆರುವ ಬೆಲೆ ಅಂದಿನ ಭಕ್ಷೀಸು.

ಇವರ ತಿಳಿವಳಿಕೆ ವಿಜ್ಞಾನಕ್ಕೆ ದಾರಿ ತೋರಿದ್ದು ಹೊಸದೇನಲ್ಲ. 1900ರ ಬಳಿಕ ಯಾರಿಗೂ ಕಾಣದಿದ್ದ ಜೆರ್ಡನ್ಸ್ ಕೋರ್ಸರ್ ಹಕ್ಕಿ ಆಂಧ್ರದ ಕಡಪ ಜಿಲ್ಲೆಯಲ್ಲಿ 1986ರ ಜನವರಿಯಲ್ಲಿ ಮತ್ತೆ ಸಿಕ್ಕಿತು. ಹುಡುಕುತ್ತಿದ್ದವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್, ಕತ್ತಲಲ್ಲಿ ಅದನ್ನು ಹಿಡಿದು ತಂದವರು ಅಲ್ಲಿನ ಕುರುಚಲು ಕಾಡನ್ನು ಬಲ್ಲ ಐತನ್ನ. ಮಹಾರಾಷ್ಟ್ರದ ಶಹಾದಾ ಬಳಿ 1997ರ ನವೆಂಬರಿನಲ್ಲಿ, 113 ವರ್ಷಗಳ ಮೇಲೆ, ಕಾಡು ಹಾಲಕ್ಕಿ ಎಂಬ ಪುಟ್ಟ ಗೂಬೆ ಪುನಃ ಪತ್ತೆಯಾದಾಗ ತಂಡದಲ್ಲಿದ್ದ ಬೆನ್ ಕಿಂಗ್ ಕೂಡ ಏಷ್ಯಾದುದ್ದಕ್ಕೂ ಪಕ್ಷಿಪ್ರವಾಸ ನಡೆಸಿ ಹೆಸರಾದವರು.

ಈಗ ಹಕ್ಕಿ ಪಟ್ಟಿಗಳು ಪಕ್ಷಿವೀಕ್ಷಕರ ಅಂತರ್ಜಾಲ ದಾಖಲೆ ಭಂಡಾರವಾದ ‘ಇ-ಬರ್ಡ್’ ಸೇರುತ್ತವೆ. ಭಾರತದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ಇಂಥ ಪಟ್ಟಿಗಳ ಆಧಾರದಲ್ಲೇ 942 ಜಾತಿಗಳನ್ನು ಪರಿಶೀಲಿಸಿತು. ಅಪರೂಪಕ್ಕೆ ಬಂದುಹೋಗುವವರ ಪಟ್ಟಿಗಿಂತ ಒಂದೇ ದಾರಿಯಲ್ಲಿ ವರ್ಷಗಟ್ಟಲೆ ನಡೆಯುವವರ ಪಟ್ಟಿಗೆ ತೂಕ ಹೆಚ್ಚು. ಈ ಸಲ ವಲಸೆ ಹಕ್ಕಿ ನವರಂಗ ಎಂದು ಬಂತು, ಮುರಕಲ್ಲಿನ ಬಯಲುಗುಡ್ಡದಲ್ಲಿ ಕಲ್ಲುಕೋರೆ ಶುರುವಾದ ಮೇಲೆ ಬರಿನೆಲದಲ್ಲೇ ಮೊಟ್ಟೆಯಿಡುವ ಹಳದಿ ಟಿಟ್ಟಿಭಗಳು ಎಷ್ಟು ಜೋಡಿ ಉಳಿದವು ಎಂದು ತಾರೀಖು ಸಮೇತ ಹೇಳಬಲ್ಲವರು ಇವರೇ. ಗಣಿ ಪರವಾನಗಿಯ ಕಡತ ಪಂಚಾಯತಿಯ ಮೇಜಿಗೆ ಬಂದಾಗ ಈ ಪಟ್ಟಿಗಳನ್ನೂ ತರಿಸಿಕೊಳ್ಳಬೇಕು.