ಸ್ಕ್ರೂ ಹೇಳುವ ದೂರ, ಬೆಳಕು ಹೇಳುವ ದೂರ

ಬಳ್ಳಾರಿಯ ಮೇ ತಿಂಗಳು. ಬೆಳಗ್ಗೆ ಲ್ಯಾಬಿನಲ್ಲಿ ಚಿಪ್ಪಿನ (ಬೆಳಕು ಹರಿಸುವ ಮೈಕ್ರೋಚಿಪ್) ವೇವ್‌ಗೈಡ್, ಅಂದರೆ ಅದರೊಳಗೆ ಬೆಳಕು ಸಾಗುವ ಸಣ್ಣ ಕಾಲುವೆ, ಅದರ ಎದುರು ಕೂರಿಸಿದ್ದ ಫೈಬರ್ (ಬೆಳಕು ತರುವ ಗಾಜಿನ ಎಳೆ), ನಾವು ಊಟ ಮುಗಿಸಿ ಬರುವಷ್ಟರಲ್ಲಿ ಸರಿದಿತ್ತು. ಪವರ್ ಮೀಟರ್ 3 ಡೆಸಿಬೆಲ್ ಇಳಿದಿತ್ತು. ಅಂದರೆ ಅರ್ಧ ಬೆಳಕು ಹೋಗಿತ್ತು. "ಸರ್, ನಾನು ಮುಟ್ಟೇ ಇಲ್ರಿ" ಅಂದ ವಿದ್ಯಾರ್ಥಿ. ನಿಜವೇ. ಕರೆಂಟ್ ಹೋಗಿತ್ತು. ಲೇಸರ್ ಯುಪಿಎಸ್ ಮೇಲಿತ್ತು, ಎಸಿ ಇರಲಿಲ್ಲ. ಕೋಣೆ ಬಿಸಿಯಾಗಿ, ಫೈಬರನ್ನು ಹಿಡಿದು ಸರಿಸುವ ಲೋಹದ ಸ್ಟೇಜ್ ಹಿಗ್ಗಿತ್ತು. 10 ಸೆಂಟಿಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಸುಮಾರು 2.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಸ್ಟೀಲ್ ಆದರೆ 1.2.

ಅಷ್ಟಕ್ಕೇ ಅರ್ಧ ಬೆಳಕು ಹೋಗುತ್ತಾ? ಮಾಮೂಲಿ ಸಿಂಗಲ್ ಮೋಡ್ (ಬೆಳಕಿಗೆ ಒಂದೇ ದಾರಿ ಇರುವ) ಫೈಬರಿಗೆ ಅಂಥದ್ದೇ ಫೈಬರ್ ಜೋಡಿಸುವಾಗ 1 ಮೈಕ್ರಾನ್ ಪಕ್ಕಕ್ಕೆ ಸರಿದರೆ ನಷ್ಟ 0.2 ಡೆಸಿಬೆಲ್ ಕೂಡ ಆಗುವುದಿಲ್ಲ. ಆದರೆ ಚಿಪ್ಪಿಗಾಗಿ ಲೆನ್ಸ್ ತುದಿಯ ಫೈಬರ್ ಬಳಸಿ ಬೆಳಕಿನ ಚುಕ್ಕೆಯನ್ನು 2.5 ಮೈಕ್ರಾನಿಗೆ ಇಳಿಸಿರುತ್ತೇವೆ. ಅಲ್ಲಿ ಅದೇ 1 ಮೈಕ್ರಾನ್ ಅರ್ಧದಷ್ಟು ಬೆಳಕು ನುಂಗುತ್ತದೆ.

ಹೊಸಬರು ಮೈಕ್ರೋಮೀಟರ್ ಸ್ಕ್ರೂವಿನ ಗೆರೆ ನಂಬುತ್ತಾರೆ. ಸಾಮಾನ್ಯವಾಗಿ ಒಂದು ಗೆರೆ ಅಂದರೆ 10 ಮೈಕ್ರಾನ್. ಹಿಂದಕ್ಕೆ ತಿರುಗಿಸಿದರೆ ಸ್ಕ್ರೂ ಮೊದಲು ಸುಮ್ನೆ ತಿರುಗುತ್ತದೆ, ಸ್ಟೇಜ್ ಆಮೇಲೆ ಚಲಿಸುತ್ತದೆ. ಅದಕ್ಕೇ ಯಾವಾಗಲೂ ಒಂದೇ ಕಡೆಯಿಂದ ಬನ್ನಿ.

ಅಕ್ಕಪಕ್ಕ, ಮೇಲೆ ಕೆಳಗೆ ಸರಿಪಡಿಸಲು ಪವರ್ ಮೀಟರ್ ಸಾಕು. ಕಷ್ಟ ಇರುವುದು ಫೈಬರ್ ಮತ್ತು ಚಿಪ್ಪಿನ ನಡುವೆ ಉಳಿಯುವ ಸಂದಿಯಲ್ಲಿ. ಸ್ವಲ್ಪ ಜಾಸ್ತಿ ಮುಂದೆ ಹೋದರೆ ಫೈಬರ್ ತುದಿ ಚಿಪ್ಪಿಗೆ ತಾಗಿ ಎರಡೂ ಹಾಳು. ಇಲ್ಲಿ ನಾನು ನಂಬುವುದು ಬೆಳಕನ್ನೇ. ಫೈಬರಿನ ತುದಿ ಮತ್ತು ಚಿಪ್ಪಿನ ಅಂಚು ಎರಡೂ ಸ್ವಲ್ಪ ಸ್ವಲ್ಪ ಕನ್ನಡಿಯ ಹಾಗೆ. ನಡುವೆ ಬೆಳಕು ಹೋಗಿ ಬಂದು ತನ್ನ ಜೊತೆ ತಾನೇ ಸೇರುತ್ತದೆ. ಲೇಸರಿನ ತರಂಗಾಂತರವನ್ನು ಮೆಲ್ಲಗೆ ಬದಲಿಸುತ್ತಾ ಹೋದರೆ ಪವರ್ ಅಲೆಯಂತೆ ಏರಿಳಿಯುತ್ತದೆ. ತರಂಗಾಂತರದ ವರ್ಗವನ್ನು ಎರಡು ಏರುಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿ. ಬರುವ ಉತ್ತರವೇ ಸಂದಿ. 1550 ನ್ಯಾನೋಮೀಟರ್ ಹತ್ತಿರ ಏರುಗಳು 24 ನ್ಯಾನೋಮೀಟರಿಗೊಂದು ಬಂದರೆ ಸಂದಿ 50 ಮೈಕ್ರಾನ್. 60ಕ್ಕೊಂದಾದರೆ 20. ಹತ್ತಿರ ಹೋದಷ್ಟೂ ಅಲೆ ಅಗಲವಾಗುತ್ತದೆ, ದೂರ ತಿಳಿಯಲು ಸ್ಟೇಜನ್ನು ಮುಟ್ಟಬೇಕಾಗಿಯೇ ಇಲ್ಲ!

ಇದರ ಮೇಲೆ ತೀರಾ ಸಣ್ಣ, ಒತ್ತೊತ್ತಾದ ಅಲೆ ಕಂಡರೆ ಅದು ಚಿಪ್ಪಿನ ಎರಡು ಅಂಚುಗಳದ್ದು, ಲೆಕ್ಕಕ್ಕೆ ಹಿಡಿಯಬೇಡಿ. ಲೆನ್ಸ್ ತುದಿಯಲ್ಲಿ ಅಲೆ ಮಸುಕಾಗಿರುತ್ತದೆ, ಚಪ್ಪಟೆ ತುದಿಯಲ್ಲಿ ಸ್ಪಷ್ಟ. 8 ಡಿಗ್ರಿ ಓರೆಯಾಗಿ ಕತ್ತರಿಸಿದ ತುದಿಯಲ್ಲಿ ಈ ದಾರಿ ನಡೆಯದು.

ಅವತ್ತಿನಿಂದ ನಮ್ಮ ಹುಡುಗರು ಊಟಕ್ಕೆ ಏಳುವ ಮುಂಚೆ ಫೈಬರನ್ನು 50 ಮೈಕ್ರಾನಿಗೆ ಹಿಂದೆ ಸರಿಸುತ್ತಾರೆ. ಬಂದ ಮೇಲೆ ಮೊದಲು ಅಲೆ ಎಣಿಸುತ್ತಾರೆ, ಆಮೇಲೆ ಸ್ಕ್ರೂ ಮುಟ್ಟುತ್ತಾರೆ.