ಬೇಸ್‌ಬಾಲ್ ಸಂಬಳದಲ್ಲಿ ತಂಡವನ್ನೇ ಕೊಳ್ಳಬಹುದಾ?

ಓದುಗರ ಪ್ರಶ್ನೆ: ಬೇಸ್‌ಬಾಲ್ ಆಟಗಾರ ಅಲೆಕ್ಸ್ ರೋಡ್ರಿಗಸ್ ಈಗ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕರಲ್ಲಿ ಒಬ್ಬರಂತೆ. ಆಟಗಾರನ ಸಂಬಳದಲ್ಲಿ ಇದೆಲ್ಲ ಸಾಧ್ಯವಾ?

ಮೂಲ ಬಂಡವಾಳ ಸಂಬಳವೇ. ಆದರೆ ಆ ಸಂಬಳ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಗಟ್ಟಿಯಾಗಿತ್ತು ಅನ್ನುವುದನ್ನು ಮೊದಲು ನೋಡಬೇಕು.

ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ ಹೊಸ ಆಟಗಾರ ಸುಮಾರು ಆರು ವರ್ಷ ತನ್ನ ಮೊದಲ ತಂಡಕ್ಕೇ ಕಟ್ಟುಬಿದ್ದಿರುತ್ತಾನೆ. ಆಮೇಲೆ ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಅಲೆಕ್ಸ್ 1994ರಲ್ಲಿ, 18ನೇ ವಯಸ್ಸಿಗೇ, ಸಿಯಾಟಲ್ ಮ್ಯಾರಿನರ್ಸ್ ಪರ ಆಡಿದರು. ಹಾಗಾಗಿ 25 ತುಂಬಿದ ವರ್ಷವೇ ಅವರ ಕೈಗೆ ಆ ಸ್ವಾತಂತ್ರ್ಯ ಬಂತು. ಆಟ ಇನ್ನೂ ಏರುತ್ತಿದ್ದ ಕಾಲ ಅದು. 2000ದ ಡಿಸೆಂಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ತಂಡ ಅವರಿಗೆ 10 ವರ್ಷಕ್ಕೆ 25.2 ಕೋಟಿ ಡಾಲರ್ ಕೊಡಲು ಒಪ್ಪಿತು. ತಮಾಷೆ ಅಲ್ಲ, ಆ ಮಾಲೀಕರು ಎರಡು ವರ್ಷದ ಹಿಂದೆ ಇಡೀ ತಂಡವನ್ನು ಕೊಂಡಿದ್ದೇ ಸುಮಾರು 25 ಕೋಟಿಗೆ!

ಈ ಲೀಗ್‌ನಲ್ಲಿ ಇಂಥ ಒಪ್ಪಂದಕ್ಕೆ ಸಹಿ ಬಿದ್ದರೆ ಹಣ ಖಾತ್ರಿ. ಗಾಯವಾಗಲಿ, ಆಟ ಕೈಕೊಡಲಿ, ತಂಡವೇ ಬೇಡ ಅನ್ನಲಿ, ಸಂಬಳ ಬಂದೇ ಬರುತ್ತದೆ. ಅದರಲ್ಲಿ ಸ್ವಲ್ಪ ಭಾಗವನ್ನು ಮುಂದಕ್ಕೆ ಹಾಕಿ, ವರ್ಷಗಳ ನಂತರ ತೆಗೆದುಕೊಳ್ಳುವ ಪದ್ಧತಿಯೂ ಇದೆ. 2004ರಲ್ಲಿ ಅಲೆಕ್ಸ್ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. 2010ರಲ್ಲಿ ರೇಂಜರ್ಸ್ ದಿವಾಳಿ ಎಂದು ಕೋರ್ಟಿಗೆ ಹೋಯಿತು. ಆಗ ತಂಡ ಯಾರಿಗೆಲ್ಲ ಬಾಕಿ ಇದೆ ಅನ್ನುವ ಪಟ್ಟಿ ಹೊರಬಂತು. ಅಡಮಾನವಿಲ್ಲದೆ ತಂಡದಿಂದ ಹಣ ಬರಬೇಕಿದ್ದವರ ಪೈಕಿ ಎಲ್ಲರಿಗಿಂತ ಮೇಲಿದ್ದ ಹೆಸರು ಅಲೆಕ್ಸ್ ರೋಡ್ರಿಗಸ್. ಬಾಕಿ ಸುಮಾರು 2.5 ಕೋಟಿ ಡಾಲರ್. ತಂಡ ಬಿಟ್ಟು ಆರು ವರ್ಷವಾಗಿತ್ತು!

2007ರಲ್ಲಿ ಯಾಂಕೀಸ್ ಮತ್ತೆ 10 ವರ್ಷಕ್ಕೆ 27.5 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. 2016ರ ಆಗಸ್ಟ್‌ನಲ್ಲಿ 696 ಹೋಮ್‌ರನ್‌ಗಳೊಂದಿಗೆ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಆಟ ನಿಲ್ಲಿಸುವ ಹೊತ್ತಿಗೆ ಅವರ ಸಂಬಳದ ಒಟ್ಟು ಮೊತ್ತ 45 ಕೋಟಿ ಡಾಲರ್ ಆಸುಪಾಸು. ತೆರಿಗೆ, ಏಜೆಂಟರ ಪಾಲು ಎಲ್ಲ ಇದರಲ್ಲೇ ಹೋಗಬೇಕು.

ಒಂದು ಮಾತು ಇಲ್ಲಿ ಹೇಳಲೇಬೇಕು. 2001ರಿಂದ 2003ರವರೆಗೆ ನಿಷೇಧಿತ ಮದ್ದು ತೆಗೆದುಕೊಂಡಿದ್ದೆ ಎಂದು 2009ರಲ್ಲಿ ಅವರೇ ಒಪ್ಪಿಕೊಂಡರು. ಮುಂದೆ ಇನ್ನೊಂದು ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದು 2014ರ ಇಡೀ ಸೀಸನ್ ಹೊರಗೆ ಕೂತರು. ಅಮಾನತು ಆದರೆ ಖಾತ್ರಿ ಸಂಬಳವೂ ನಿಲ್ಲುತ್ತದೆ. 2.2 ಕೋಟಿ ಡಾಲರ್‌ಗಿಂತ ಜಾಸ್ತಿ ಹೋಯಿತು. ಅವರ ದುಡ್ಡಿನ ಲೆಕ್ಕ ಹೇಳುವಾಗ ಈ ಪುಟ ಹಾರಿಸುವುದು ಸರಿಯಲ್ಲ ಅನ್ನುವುದು ನನ್ನ ನಿಲುವು. ಆ ಮೂರು ವರ್ಷ ಬಾರಿಸಿದ ಹೋಮ್‌ರನ್‌ಗಳೂ ಸೇರಿಯೇ 2007ರಲ್ಲಿ ಅವರಿಗೆ ಬೆಲೆ ಕಟ್ಟಿದ್ದು.

ಇನ್ನು ಮೈದಾನದ ಹೊರಗೆ. ನನಗೆ ಮನಸ್ಸಿಗೆ ತಟ್ಟುವುದು ಈ ಭಾಗ. ಅಲೆಕ್ಸ್‌ಗೆ ಸುಮಾರು ಹತ್ತು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದರು. ಮಯಾಮಿಯಲ್ಲಿ ಅಮ್ಮ ಹಗಲು ಆಫೀಸಿನಲ್ಲಿ ಸೆಕ್ರೆಟರಿ, ರಾತ್ರಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ. ಒಂದೂವರೆ ವರ್ಷಕ್ಕೊಮ್ಮೆ ಮನೆ ಮಾಲೀಕರು ಬಾಡಿಗೆ ಏರಿಸುತ್ತಿದ್ದರು, ಇವರು ಗಂಟುಮೂಟೆ ಕಟ್ಟಿ ಬೇರೆ ಮನೆ ಹುಡುಕುತ್ತಿದ್ದರು. ಅಮ್ಮನ ಜಾಗದಲ್ಲಲ್ಲ, ಆ ಮಾಲೀಕರ ಜಾಗದಲ್ಲಿ ಇರಬೇಕು ಅಂತ ಆಗಲೇ ಅನ್ನಿಸಿತ್ತು ಎಂದು ಅವರು ಹಲವು ಸಲ ಹೇಳಿಕೊಂಡಿದ್ದಾರೆ.

ಹಾಗಾಗಿ ಆಡುತ್ತಿದ್ದ ದಿನಗಳಲ್ಲೇ ಮಯಾಮಿಯಲ್ಲಿ ಒಂದು ಡ್ಯೂಪ್ಲೆಕ್ಸ್ ಕೊಂಡರು. ಅಲ್ಲಿ ಡ್ಯೂಪ್ಲೆಕ್ಸ್ ಅಂದರೆ ಎರಡು ಸಂಸಾರ ಬೇರೆ ಬೇರೆಯಾಗಿ ಇರಬಹುದಾದ ಒಂದು ಕಟ್ಟಡ. ಅಲ್ಲಿಂದ ಬೆಳೆದದ್ದು ಎ-ರಾಡ್ ಕಾರ್ಪ್ ಎಂಬ ಕಂಪನಿ, ಮುಂದೆ ಸಾವಿರಾರು ಬಾಡಿಗೆ ಮನೆಗಳು. ಈ ವ್ಯವಹಾರದ ಲೆಕ್ಕ ಸರಳ. ಸ್ವಲ್ಪ ಕೈದುಡ್ಡು, ಉಳಿದದ್ದು ಸಾಲ. ಬಾಡಿಗೆಯಿಂದ ಸಾಲದ ಕಂತು ಮತ್ತು ರಿಪೇರಿ ಖರ್ಚು ಹುಟ್ಟಬೇಕು. ನಾಲ್ಕು ಮನೆ ಖಾಲಿ ಬಿದ್ದ ತಿಂಗಳು ಸಾಮಾನ್ಯ ಮಾಲೀಕ ಒದ್ದಾಡುತ್ತಾನೆ. ತಿಂಗಳ ಖಾತ್ರಿ ಸಂಬಳ ಇರುವವನಿಗೆ ಆ ಭಯವಿಲ್ಲ, ಅವಸರಕ್ಕೆ ಮಾರುವ ಪ್ರಮೇಯವೂ ಬರುವುದಿಲ್ಲ. ಮೈದಾನದ ದುಡ್ಡು ಹೊರಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಹೀಗೆ. ಆಟ ಬಿಟ್ಟ ಮೇಲೆ ಫಾಕ್ಸ್, ಇಎಸ್‌ಪಿಎನ್ ಚಾನೆಲ್‌ಗಳಲ್ಲಿ ವಿಶ್ಲೇಷಣೆ ಮಾಡಿಯೂ ದುಡಿದರು.

ಈಗ ನಿಮ್ಮ ಪ್ರಶ್ನೆಯ ತಂಡಕ್ಕೆ ಬರೋಣ. 2020ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಬೇಸ್‌ಬಾಲ್ ತಂಡ ಕೊಳ್ಳಲು ಹೋಗಿ ಸೋತರು. ಮರುವರ್ಷ ಉದ್ಯಮಿ ಮಾರ್ಕ್ ಲೋರ್ ಜೊತೆ ಸೇರಿ ಮಿನೆಸೋಟ ಟಿಂಬರ್‌ವುಲ್ವ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೈಹಾಕಿದರು. ಬೆಲೆ 150 ಕೋಟಿ ಡಾಲರ್, ಅಂದರೆ ಅಲೆಕ್ಸ್ ಆಡಿ ಗಳಿಸಿದ್ದರ ಮೂರು ಪಟ್ಟಿಗಿಂತ ಜಾಸ್ತಿ. ಒಬ್ಬರ ಜೇಬಿನಿಂದ ಆಗುವ ಮಾತಲ್ಲ. ಪಾಲುದಾರರು, ಬೇರೆ ಹೂಡಿಕೆದಾರರು ಸೇರಿ ಕಂತುಗಳಲ್ಲಿ ಕೊಂಡರು. ನಡುವೆ ಹಳೇ ಮಾಲೀಕರು ವ್ಯಾಪಾರ ಮುರಿದುಬಿತ್ತು ಅಂದಾಗ ಮಧ್ಯಸ್ಥಗಾರರ ಮುಂದೆ ಹೋಗಿ ಗೆಲ್ಲಬೇಕಾಯಿತು. ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಒಪ್ಪಿಗೆ ಸಿಕ್ಕಿದ್ದು 2025ರ ಜೂನ್‌ನಲ್ಲಿ.