ಕೀ ಸಿಕ್ಕ ದಿನವೇ ಬಚ್ಚಲಮನೆಯ ಫೋಟೋ ತೆಗೆಯಿರಿ

ಹಾವೇರಿ ಕಡೆಯ ಹುಡುಗಿಯೊಬ್ಬಳು ನಮ್ಮ ಆಫೀಸಿಗೆ ಬಂದಿದ್ದಳು. ಬೆಂಗಳೂರಿನಲ್ಲಿ ಮೊದಲ ಕೆಲಸ, ಮೊದಲ ಬಾಡಿಗೆ ಮನೆ. ಕೊಟ್ಟ ಅಡ್ವಾನ್ಸ್ 1,20,000 ರೂಪಾಯಿ. ಖಾಲಿ ಮಾಡಿದಾಗ ವಾಪಸ್ ಬಂದಿದ್ದು 78,000. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ 20,000, ಬಚ್ಚಲಮನೆ ಗೋಡೆಯ ತೇವಕ್ಕೆ 15,000, ಸಿಂಕ್‌ಗೆ 7,000 ಮುರಿದುಕೊಂಡಿದ್ದರು.

"ಸಾರ್, ಆ ತೇವ ನಾನು ಬರೋಕೆ ಮುಂಚೇನೇ ಇತ್ತು" ಎಂದಳು.

"ಇತ್ತು ಅನ್ನೋದಕ್ಕೆ ಏನಿದೆಯಮ್ಮ?"

ಸ್ವಲ್ಪ ಹೊತ್ತು ಯೋಚಿಸಿ ಮೊಬೈಲ್ ತೆಗೆದಳು. ಹಾಲು ಉಕ್ಕಿಸಿದ ದಿನ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಮನೆಯ ಫೋಟೋ ಕಳಿಸಿದ್ದಳು. ಒಂದರಲ್ಲಿ ಗೀಸರ್ ಕೆಳಗೆ ಅಂಗೈ ಅಗಲದ ಕಪ್ಪು ಕಲೆ. ಅದನ್ನು ತೋರಿಸಿದ ಮೇಲೆ 15,000 ವಾಪಸ್ ಬಂತು. ಪೇಂಟಿಂಗ್ ಹಣ ಬರಲಿಲ್ಲ. ಅಗ್ರಿಮೆಂಟಿನ ಮೂರನೇ ಪುಟದಲ್ಲಿ ಆ ಷರತ್ತು ಇತ್ತು, ಕೆಳಗೆ ಅವಳದೇ ಸಹಿ.

ಬಾಡಿಗೆ ಕಾನೂನು ನಮ್ಮನ್ನು ಕಾಪಾಡುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಒಂದು ರೂಮೂ ಕಷ್ಟ ಅಲ್ವಾ? ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎನ್ನುವ 2021ರ ಕೇಂದ್ರದ ಕಾಯ್ದೆ ಬರೀ ಮಾದರಿ. ರಾಜ್ಯ ತನ್ನ ಕಾನೂನಿಗೆ ಸೇರಿಸಿಕೊಂಡರಷ್ಟೇ ಅದಕ್ಕೆ ಬಲ. ನಿಮ್ಮ ಪಾಲಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟ್. ದಿನನಿತ್ಯದ ಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎನ್ನುತ್ತದೆ ಕಾಯ್ದೆ. ಆದರೆ ಬೇರೆ ಥರ ಒಪ್ಪಿ ಬರೆದುಕೊಟ್ಟಿದ್ದರೆ ಆ ಬರಹವೇ ಗೆಲ್ಲುತ್ತದೆ. ಹಾಗಾಗಿ ಚೌಕಾಸಿ ಬಾಡಿಗೆಗೆ ಮಾತ್ರ ಬೇಡ. ಪೇಂಟಿಂಗ್ ಖರ್ಚು, ನೋಟಿಸ್ ಅವಧಿ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಈ ಮೂರನ್ನೂ ಸಹಿಗೆ ಮುಂಚೆ ಮಾತಾಡಿ.

11 ತಿಂಗಳ ಅಗ್ರಿಮೆಂಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ.

ಜಗಳವಾಯಿತೆಂದು ಓನರ್ ಬೀಗ ಬದಲಿಸಿದರೆ ಹೆದರಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ನೀವೂ ಅಷ್ಟೇ, ಓನರ್ ಒಪ್ಪದೆ ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಕೈಚೆಲ್ಲಬೇಡಿ. ಪೈಪ್ ಸೋರಿದರೆ ಅದೇ ದಿನ ಮೆಸೇಜ್ ಹಾಕಿ. ತಿಳಿಸದೆ ಸುಮ್ನಿದ್ದು ಕೆಳಗಿನ ಮನೆಯವರ ಸೀಲಿಂಗ್ ಹಾಳಾದರೆ, ಬಿಲ್ ನಿಮ್ಮ ತಲೆಗೇ ಬರಬಹುದು.